ಎರಡು ಬೆರಳಿನ ಚಪ್ಪಾಳೆ

ಕೋಣೆಯ ತುಂಬ ಜನ ಬಾಯಿ ತೆರೆದು ಹಾಡುತ್ತಿದ್ದರು. ಸದ್ದು ಮಾತ್ರ ಇರಲಿಲ್ಲ.

ಬೆಂಗಳೂರಿಗೆ ಬಂದ ಮೇಲೆ ನಾನು ಕುಳಿತ ಮೊದಲ ಪ್ರಾರ್ಥನಾ ಕೂಟ ಅದು. ಯಲಹಂಕದ ಪಕ್ಕದ ಅಲ್ಲಾಳಸಂದ್ರದಲ್ಲಿ ಒಂದು ಬಾಡಿಗೆ ಮನೆಯ ನಡುಕೋಣೆ. ಕಿಟಕಿಗಳು ಮುಚ್ಚಿದ್ದವು, ಪರದೆ ಎಳೆದಿತ್ತು, ಫ್ಯಾನು ಪೂರ್ತಿ ವೇಗದಲ್ಲಿ ತಿರುಗುತ್ತಿತ್ತು. ಅಡುಗೆಮನೆಯಲ್ಲಿ ಕುಕ್ಕರು ಕೂಗುತ್ತಿತ್ತು. ಅದು ಊಟಕ್ಕಲ್ಲ, ದನಿ ಮರೆಸುವುದಕ್ಕೆ ಎಂದು ಆಮೇಲೆ ತಿಳಿಯಿತು. ಹೊಸ್ತಿಲ ಹೊರಗೆ ಒಂದೂ ಚಪ್ಪಲಿ ಇರಲಿಲ್ಲ. ಬಂದವರು ತಮ್ಮ ತಮ್ಮ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಒಳಗೆ ತಂದು, ಮಂಚದ ಕೆಳಗೆ ಹಾಸಿದ್ದ ಪೇಪರಿನ ಮೇಲೆ ಜೋಡಿಸಿದ್ದರು. ಹಾಡಿಗೆ ಚಪ್ಪಾಳೆಯೂ ಇತ್ತು. ಆದರೆ ಎಡ ಅಂಗೈಗೆ ತಾಗುತ್ತಿದ್ದದ್ದು ಬಲಗೈಯ ಎರಡೇ ಬೆರಳು. ತುಟಿ ನೋಡಿದರೆ ಹಾಡು, ಕಿವಿಗೆ ಬರೀ ಉಸಿರು.

ನನ್ನ ಪಕ್ಕದಲ್ಲಿ ನನ್ನ ಗಂಡ ಶಾಂತಕುಮಾರ ಕುಳಿತಿದ್ದರು. ಬೀದರ ಕಡೆಯ ನಾವು ಹೇಗೆ ಹಾಡುತ್ತೇವೆಂದು ಊರಿನ ಚರ್ಚಿನವರಾದ ನಿಮಗೆ ಹೇಳಬೇಕಿಲ್ಲ. ಗೊತ್ತಿರುವ ಹಾಡು ಬಂದ ಕೂಡಲೇ ಅವರು ಕಣ್ಣು ಮುಚ್ಚಿ, ಎದೆ ತುಂಬ ಗಾಳಿ ಎಳೆದುಕೊಂಡು, ಪೂರ್ತಿ ದನಿಯಲ್ಲಿ ಮೊದಲ ಸಾಲು ಎತ್ತಿಬಿಟ್ಟರು. ಎಲ್ಲರ ತಲೆ ಒಮ್ಮೆಗೇ ತಿರುಗಿತು. ಅವರ ಆಚೆ ಪಕ್ಕದಲ್ಲಿದ್ದ, ತಲೆ ನೆರೆತ ಹೆಂಗಸೊಬ್ಬರು ಅವರ ಮೊಣಕಾಲನ್ನು, ಮಗುವನ್ನು ಮಲಗಿಸುವ ಹಾಗೆ ತಟ್ಟಿದರು.

"ಮೆಲ್ಲಗೆ ಬ್ರದರ್, ಮೆಲ್ಲಗೆ. ಕರ್ತನಿಗೆ ಕಿವಿ ಚೆನ್ನಾಗೇ ಕೇಳ್ಸುತ್ತೆ."

ಅವರೇ ಗ್ರೇಸ್ ಆಂಟಿ. ಆ ಮನೆಯಲ್ಲಿ ಬಾಡಿಗೆಗೆ ಇದ್ದವರು, ಆ ಕೂಟ ನಡೆಸುವವರು.

ವಾಪಸು ನಡೆದು ಬರುವಾಗ ಶಾಂತಕುಮಾರ ಕೆರೆ ದಾಟಿದ ಮೇಲೆ ಕೇಳಿದರು: "ಇವ್ರು ಹಾಡ್ಲತಾರೋ, ಹಾಡ್ ನುಂಗ್ಲತಾರೋ?"

ಊರಿನಲ್ಲಿ ನಮ್ಮ ಚರ್ಚು ಓಣಿಯ ನಟ್ಟನಡುವೆ ಇದೆ. ಐತವಾರ ಢೋಲಕ್ ಶುರುವಾದರೆ ಬಸ್ ಸ್ಟ್ಯಾಂಡಿನ ತನಕ ಕೇಳುತ್ತದೆ. ಅಲ್ಲಿಯ ಚಹದಂಗಡಿಯ ಚಾಚಾ ನಮ್ಮ ಹಾಡಿನ ಪಲ್ಲವಿ ಗುನುಗುತ್ತಾ ಚಹ ಸೋಸುವುದನ್ನು ನಾವೆಲ್ಲ ನೋಡಿದ್ದೇವೆ. ಹಾಡು ತಡವಾದರೆ "ಏನ್ರೀ, ಇವತ್ತ್ ನಿಮ್ಮ ಪಾದ್ರಿ ಎದ್ದಿಲ್ಲೇನು?" ಎಂದು ಅವರೇ ಕೇಳುತ್ತಾರೆ. ನಮಗೆ ನಂಬಿಕೆ ಎಂದರೆ ಜೋರು. ದುಃಖಕ್ಕೂ ಜೋರು, ಸುಗ್ಗಿಗೂ ಜೋರು. ಪಿಸುಗುಟ್ಟುವ ನಂಬಿಕೆ ಇರಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ.

ಇಲ್ಲಿ ಐತವಾರದ ಆರಾಧನೆಗೆ ಕಟ್ಟಡವಿದೆ, ಮೈಕಿದೆ, ಹೆದರಿಕೆಯಿಲ್ಲ. ತಮಿಳಿನವರ ಆರಾಧನೆ ಮುಗಿದು, ಬೆಂಚಿನಲ್ಲಿ ಅವರ ಬಿಸಿ ಇನ್ನೂ ಇರುವಾಗಲೇ ಕನ್ನಡದವರಾದ ನಾವು ಕೂರುತ್ತೇವೆ. ನಾವು ಏಳುವ ಹೊತ್ತಿಗೆ ಇಂಗ್ಲಿಷಿನವರು ಬಾಗಿಲಲ್ಲಿ ಕಾದಿರುತ್ತಾರೆ. ಯಾರಿಗೂ ಯಾರನ್ನೂ ನಿಂತು ಮಾತಾಡಿಸಲು ಬಿಡುವಿಲ್ಲ. ಸಭೆ ನಿಜವಾಗಿ ಸಭೆಯಾಗುವುದು ಶುಕ್ರವಾರ ಸಂಜೆ, ಮನೆಕೂಟದಲ್ಲಿ. ಆರೇಳು ಕುಟುಂಬ, ಎಲ್ಲರೂ ಬಾಡಿಗೆದಾರರು, ಎಲ್ಲರೂ ಎಲ್ಲಿಂದಲೋ ಬಂದವರು.

ಪಿಸುದನಿಯ ಕಾರಣವನ್ನು ಗ್ರೇಸ್ ಆಂಟಿಯೇ ಹೇಳಿದರು. ಅವರು ಮೊದಲಿದ್ದ ಮನೆಯಲ್ಲಿ ಒಂದು ಸಂಜೆ ಹಾಡು ನಡೆಯುತ್ತಿದ್ದಾಗ ಗೇಟಿನ ಹತ್ತಿರ ನಾಲ್ಕಾರು ಗಂಡಸರು ಬಂದು ನಿಂತರಂತೆ. ಒಳಗೆ ಬರಲಿಲ್ಲ, ಬೈಯಲಿಲ್ಲ. ಒಬ್ಬನು ಫೋನು ಬಗ್ಗಿಸಿ, ಬಾಗಿಲ ಮುಂದಿದ್ದ ಚಪ್ಪಲಿಗಳ ಫೋಟೋ ತೆಗೆದನಂತೆ. ಅಷ್ಟೇ. ವಾರ ಕಳೆಯುವುದರೊಳಗೆ ಓನರು ಮನೆ ಖಾಲಿ ಮಾಡಿ ಎಂದರು. ಅಂದಿನಿಂದ ಚಪ್ಪಲಿ ಒಳಗೆ, ದನಿಯೂ ಒಳಗೆ.

"ಚಪ್ಪಲಿ ಫೋಟೋ ಯಾರಿಗೆ ಬೇಕು ಹೇಳು ಸುನೀತಾ," ಎಂದರು ಅವರು ನನಗೆ. ನಗುತ್ತಲೇ ಹೇಳಿದರು. ಕೈ ಮಾತ್ರ ಸೀರೆಯ ಅಂಚನ್ನು ಮಡಿಸುತ್ತಲೇ ಇತ್ತು.

ನಮಗೆ ಮನೆ ಸಿಕ್ಕಿದ್ದು ಜಕ್ಕೂರಿನಲ್ಲಿ. ಸುತ್ತ ಎತ್ತೆತ್ತರದ ಅಪಾರ್ಟ್‌ಮೆಂಟುಗಳು, ನಡುವೆ ಹಳೆಯ ಊರು ಇನ್ನೂ ಹಾಗೇ ಇದೆ: ಕಿರಿದಾದ ಬೀದಿ, ಕಟ್ಟಿದ ಎಮ್ಮೆ, ತಲೆಯ ಮೇಲೆ ತೀರ ಕೆಳಗೇ ಹಾರಿ ಹೋಗುವ ಪುಟ್ಟ ತರಬೇತಿ ವಿಮಾನಗಳು. ಬಂದ ಹೊಸದರಲ್ಲಿ ವಿಮಾನದ ಸದ್ದಾದಾಗಲೆಲ್ಲ ನಾನು ಹೊರಗೆ ಓಡಿ ಬಂದು ನೋಡುತ್ತಿದ್ದೆ. ಎಮ್ಮೆ ಕಿವಿಯನ್ನೂ ಆಡಿಸುತ್ತಿರಲಿಲ್ಲ.

ಕೆಳಗಡೆ ಓನರ್ ನಾಗರಾಜಣ್ಣನ ಸಂಸಾರ, ಮೇಲೆ ನಾವು. ಮನೆ ನೋಡಲು ಹೋದ ದಿನ ಮಾತಾಡಿದ್ದು ನಾಗರಾಜಣ್ಣನಲ್ಲ, ಅವರ ತಾಯಿ ಮುನಿಯಮ್ಮಜ್ಜಿ. ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು.

"ಯಾವ ಜನವ್ವಾ ನೀವು?"

"ಕ್ರೈಸ್ತರು ಅಜ್ಜಿ," ಎಂದೆ. ಮುಚ್ಚಿಡುವುದು ಬೇಡವೆಂದು ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದೆವು.

ಅಜ್ಜಿ ಒಂದು ಕಾಯಿ ಸುಲಿದು, ಕಾಳನ್ನು ಮೊರಕ್ಕೆ ಹಾಕಿ, ನನ್ನ ಮುಖ ನೋಡಿದರು. "ಯಾರಾದ್ರೂ ಆಗ್ರವ್ವ. ನೀರು ಬಿಟ್ಟಾಗ ಎದ್ದು ತುಂಬ್ಕೋಬೇಕು. ಮೆಟ್ಲು ಮ್ಯಾಲೆ ಸಾಮಾನು ಮಡಗ್ಬಾರ್ದು. ಅಷ್ಟೇಯ."

ಅಷ್ಟೇ ಆಗಿತ್ತು. ನಾನು ಯಲಹಂಕದ ಒಂದು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತೇನೆ. ಶಾಂತಕುಮಾರ ಅಲ್ಲೇ ಹತ್ತಿರದ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಸಂಜೆ ಮನೆಗೆ ಬಂದು ನಾನು ಜೋಳದ ರೊಟ್ಟಿ ಬಡಿಯುತ್ತಿದ್ದೆ. ಕೆಲವು ದಿನ ಕಳೆದ ಮೇಲೆ ಅಜ್ಜಿ ಮೇಲೆ ಹತ್ತಿ ಬಂದರು.

"ಏನವ್ವ, ದಿನಾ ಸಂಜೆ ದಬದಬಾ ಅಂತ ಬಟ್ಟೆ ಒಗೀತೀಯ. ನಮಗೇ ಇಲ್ದಿರೋ ನೀರು ನಿಂಗೆ ಎಲ್ಲಿಂದ ಬರ್ತದೆ?"

ಒಳಗೆ ಕರೆದು, ಕೂರಿಸಿ, ರೊಟ್ಟಿ ಬಡಿದು ತೋರಿಸಿದೆ. ಬಿಸಿಯಾದ ಒಂದನ್ನು ಕೈಗೆ ಕೊಟ್ಟೆ. ಬಹಳ ಹೊತ್ತು ಅಗಿದು ತೀರ್ಪು ಕೊಟ್ಟರು: "ನಮ್ ಮುದ್ದೇನೇ ವಾಸಿ. ನುಂಗಿದ್ರೆ ಮುಗೀತು. ಇದುನ್ನ ಅಗೀತಾ ಕೂತ್ರೆ ಬೆಳಗಾಯ್ತದೆ." ಮರುದಿನ ಸಂಜೆ ಕೆಳಗಿನಿಂದ ಕೂಗು ಬಂತು: "ಯಾಕವ್ವ, ಇವತ್ತು ಬಡಿಯಾಕಿಲ್ವಾ?" ಆಮೇಲೆ ಮೇಲಿನಿಂದ ರೊಟ್ಟಿ ಇಳಿಯುತ್ತಿತ್ತು, ಕೆಳಗಿನಿಂದ ಬಸ್ಸಾರು ಏರುತ್ತಿತ್ತು. ಬಸ್ಸಾರೆಂದರೆ ಸೊಪ್ಪು, ಕಾಳು ಬೇಯಿಸಿದ ನೀರನ್ನು ಬಸಿದು, ಖಾರ ರುಬ್ಬಿ ಹಾಕಿ ಮಾಡುವ ಸಾರು. ನಮ್ಮ ಪುಂಡಿಪಲ್ಯಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೆ ರೊಟ್ಟಿಗೆ ಹೊಂದುತ್ತದೆ.

ಇನ್ನು ಮನೆಕೂಟದವರು. ಊರಿನ ಸಭೆಯಲ್ಲಿ ನಾವೆಲ್ಲ ನೆಂಟರು. ಕಾಕಾ, ಮಾವ, ಅತ್ತೆ, ಭಾವ. ನಾನು ಆ ಸಭೆಗೆ ಸೇರಲಿಲ್ಲ, ಅದರಲ್ಲಿ ಹುಟ್ಟಿದೆ. ಇಲ್ಲಿ ಯಾರಿಗೆ ಯಾರೂ ಏನೂ ಅಲ್ಲ. ಎಲ್ಲರೂ ಬ್ರದರ್, ಸಿಸ್ಟರ್. ಮೊದಮೊದಲು ಆ ಮಾತು ನನಗೆ ಆಸ್ಪತ್ರೆಯ ಮಾತಿನ ಹಾಗೆ ಕೇಳುತ್ತಿತ್ತು. ಆಮೇಲೆ ನನಗೆ ಡೆಂಗಿ ಬಂತು. ಕ್ಯಾಬ್ ಓಡಿಸುವ ವಿಲ್ಸನ್ ತನ್ನ ಬಾಡಿಗೆಗಳನ್ನು ಬಿಟ್ಟು ನನ್ನನ್ನು ಆಸ್ಪತ್ರೆಗೆ ಕರೆದೊಯ್ದ. ದಿನಕ್ಕೊಬ್ಬರು ಗಂಜಿ ತಂದರು. ಗ್ರೇಸ್ ಆಂಟಿ ನನ್ನ ತಲೆ ಬಾಚಿ, ಹೇನಿದೆಯೇ ಎಂದೂ ನೋಡಿದರು. ನಮ್ಮ ಗ್ಯಾಸ್ ಸಿಲಿಂಡರು ಯಾವಾಗ ಮುಗಿಯುತ್ತದೆಂದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ರಕ್ತಸಂಬಂಧವಿಲ್ಲದವರು ಬರೀ ಒಂದು ಹೆಸರಿನ ಮೇಲೆ ಹೀಗೆ ಒಟ್ಟಾಗುವುದನ್ನು ನಾನು ಓದಿದ್ದೆ, ಪಾದ್ರಿಗಳ ಪ್ರಸಂಗಗಳಲ್ಲಿ ಕೇಳಿದ್ದೆ. ಗಂಜಿಯ ಡಬ್ಬಿಯಲ್ಲಿ ಕಂಡದ್ದು ಇಲ್ಲಿ.

ಕೂಟ ಒಂದೇ ಮನೆಯಲ್ಲಿ ನಡೆದರೆ ಓನರುಗಳ ಕಣ್ಣಿಗೆ ಬೀಳುತ್ತದೆಂದು ಕೆಲವು ತಿಂಗಳಿಗೊಮ್ಮೆ ಸರದಿಯ ಮೇಲೆ ಮನೆ ಬದಲಾಗುತ್ತಿತ್ತು. ಎರಡನೇ ವರ್ಷದ ಬೇಸಗೆ ಕಳೆದ ಮೇಲೆ ನಮ್ಮ ಸರದಿ ಬಂತು. ಗ್ರೇಸ್ ಆಂಟಿ ಮುಂಚೆಯೇ ಬಂದು ಮನೆ ನೋಡಿದರು. ಕಿಟಕಿ ಬೀದಿಗಿದೆ, ಹಾಕಿಕೊಳ್ಳಬೇಕು. ಬಾಗಿಲು ಹಾಕಿ ಚಿಲಕವನ್ನೂ ಹಾಕಬೇಕು. ಒಬ್ಬೊಬ್ಬರಾಗಿ ಬರಬೇಕು. ಚಪ್ಪಲಿಯನ್ನು ಮೂಲೆಯ ಸಣ್ಣ ಕೋಣೆಯಲ್ಲಿ ಇಡಬೇಕು.

ಹಾಗೇ ಮಾಡಿದೆವು. ಶುಕ್ರವಾರ ಹೊತ್ತು ಮುಳುಗುವಾಗ ಒಬ್ಬೊಬ್ಬರಾಗಿ ಬಂದು, ಚಪ್ಪಲಿ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ನಾನು ಬಾಗಿಲು ಹಾಕುತ್ತಿದ್ದೆ. ಕೆಳಗಿನವರಿಗೆ ಒಂದಿಷ್ಟೂ ತೊಂದರೆಯಾಗದ ಹಾಗೆ ನಾವು ಹಾಡಿ, ಬೈಬಲಿನ ವಾಕ್ಯ ಓದಿ, ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ, ಒಬ್ಬೊಬ್ಬರಾಗಿಯೇ ಇಳಿದು ಹೋಗುತ್ತಿದ್ದೆವು. ಇಷ್ಟು ಎಚ್ಚರದಿಂದ ಯಾರೂ ದೇವರನ್ನು ಸ್ತುತಿಸಿರಲಾರರು.

ಮೊದಲು ಬಸ್ಸಾರು ನಿಂತಿತು. ರೊಟ್ಟಿ ಕೊಡಲು ಹೋದರೆ ಸೊಸೆ ಬಂದು, "ಅತ್ತೆ ಮಲ್ಗವ್ರೆ" ಎಂದಳು. ಅಜ್ಜಿ ಒಳಗೆ ಟೀವಿ ನೋಡುತ್ತಿದ್ದದ್ದು ಬಾಗಿಲಿನಿಂದ ಕಾಣುತ್ತಿತ್ತು. ನೀರು ಬಿಟ್ಟಾಗ ಕೂಗುವುದನ್ನೂ ಬಿಟ್ಟರು. ಆಮೇಲೆ ಒಂದು ಬೆಳಿಗ್ಗೆ ನಾಗರಾಜಣ್ಣ ಮೇಲೆ ಬಂದು, ಹೊಸ್ತಿಲ ಆಚೆಯೇ ನಿಂತರು. ಮುಖ ಎತ್ತಲಿಲ್ಲ.

"ಮೇಡಂ, ಬೇಜಾರ್ ಮಾಡ್ಕೋಬೇಡಿ. ಬೇರೆ ಮನೆ ನೋಡ್ಕೊಂಬಿಡಿ. ಆತುರ ಏನಿಲ್ಲ, ನಿಧಾನಕ್ಕೆ."

"ಯಾಕಣ್ಣ? ಏನಾಯ್ತು?"

"ಅಮ್ಮಂಗೆ ಸರಿ ಬರ್ತಿಲ್ಲ. ಶುಕ್ರವಾರದ್ದು. ನಿಮಗೇ ಗೊತ್ತಲ್ಲ."

ಗೊತ್ತು ಎಂದೇ ನಾವು ಅಂದುಕೊಂಡೆವು. ಇದನ್ನೇ ಅಲ್ಲವೇ ನಾವು ಕಾಯುತ್ತಿದ್ದದ್ದು. ಮನೆ ಹೋಗುವುದಷ್ಟೇ ಅಲ್ಲ, ಕೂಟವೂ ಹೋಗುತ್ತಿತ್ತು. ಗ್ರೇಸ್ ಆಂಟಿಯ ಓನರು ಜನ ಜಾಸ್ತಿ ಬರುತ್ತಾರೆಂದು ಆಗಲೇ ಗೊಣಗಿದ್ದರು. ವಿಲ್ಸನ್ ಮನೆಯಲ್ಲಿ ಇರುವುದೇ ಒಂದು ಕೋಣೆ. ಉಳಿದವರ ಓನರುಗಳು ಒಂದು ಸರದಿಯಾದ ಮೇಲೆ ಇನ್ನು ಬೇಡವೆಂದಿದ್ದರು. ನಮ್ಮದು ಕೊನೆಯ ಮನೆ. ಫೋನಿನಲ್ಲಿ ವಿಷಯ ಹೇಳಿದಾಗ ಗ್ರೇಸ್ ಆಂಟಿ "ಸದ್ದು ಹೊರಗೆ ಹೋಯ್ತಾ?" ಎಂದು ಮಾತ್ರ ಕೇಳಿದರು.

ಅದೇ ನನ್ನನ್ನು ಕೊರೆಯಿತು. ಸದ್ದು ಹೋಗಿರಲಿಲ್ಲ. ರೊಟ್ಟಿಯ ದಬದಬ ಕೇಳಿ ನೀರಿನ ಲೆಕ್ಕ ಕೇಳಲು ಬಂದ ಅಜ್ಜಿ, ಉಸಿರಿನಷ್ಟು ಮೆಲ್ಲಗಿನ ಹಾಡಿಗೆ ಮನೆ ಬಿಡಿಸುತ್ತಾರೆಯೇ? ನಾವು ಯಾರೆಂದು ಮೊದಲ ದಿನವೇ ತಿಳಿದವರು ಅವರು. ಲ್ಯಾಬಿನಲ್ಲಿ ರಿಪೋರ್ಟು ರೋಗಿಗೆ ಹೊಂದದಿದ್ದರೆ ನಾನು ಇನ್ನೊಮ್ಮೆ ರಕ್ತ ತೆಗೆಯುತ್ತೇನೆ. ಶಾಂತಕುಮಾರ ಬೇಡವೆಂದರೂ ಕೇಳದೆ ಸಂಜೆ ಕೆಳಗಿಳಿದೆ.

ಅಜ್ಜಿ ದೀಪ ಹಚ್ಚಿ ಹೊರಗೆ ಬಂದಿದ್ದರು. ಮುಂಬಾಗಿಲ ಎರಡೂ ರೆಕ್ಕೆ ಗೋಡೆಗೆ ತಾಗುವಷ್ಟು ತೆರೆದಿದ್ದವು. ಸೊಳ್ಳೆ ದಂಡಾಗಿ ಒಳಗೆ ಹೋಗುತ್ತಿತ್ತು.

"ಅಜ್ಜಿ, ಮನೆ ಬಿಡಿ ಅಂದ್ರೆ ಬಿಡ್ತೀವಿ. ಏನು ತಪ್ಪಾಯ್ತು ಅಂತ ಹೇಳಿ."

"ಏನೂ ಗೊತ್ತಿಲ್ದೋಳಂಗೆ ಕೇಳ್ತೀಯಲ್ಲ."

"ನಮ್ಮ ಹಾಡು, ಪ್ರಾರ್ಥನೆ ನಿಮಗೆ ಕಷ್ಟ ಆಯ್ತಾ?"

"ಆಡಾ?" ಎಂದರು ಅಜ್ಜಿ. ಹಾಡೆಂಬುದಿತ್ತು ಎಂದು ಅವರಿಗೆ ಗೊತ್ತೇ ಇರಲಿಲ್ಲ. "ನಾನ್ ಯಾವ್ ಆಡು ಕೇಳ್ದೆ? ಸುಕ್ರವಾರ, ಮುಸ್ಸಂಜೆ, ಲಕ್ಸ್ಮಿ ಮನೆಗ್ ಬರೋ ವೊತ್ತು. ಅಂಥ ವೊತ್ನಲ್ಲಿ ಬಾಗ್ಲು ಆಕ್ಕೊಂಡು ಕೂರ್ತೀರಲ್ಲ, ಯಾವ್ ಸೀಮೆ ಪದ್ಧತಿನವ್ವ ಅದು? ಆ ವೊತ್ನಲ್ಲಿ ಬಾಗ್ಲು ಆಕೋದು ಯಾರಾನಾ ಸತ್ತಾಗ. ಕೆಳಗ್ ನಾನು ಬಾಗ್ಲು ತಗ್ದು ದೀಪ ಅಚ್ತೀನಿ, ಮ್ಯಾಲೆ ನೀನು ಚಿಲ್ಕ ಆಕ್ತೀಯ. ಬರೋ ಲಕ್ಸ್ಮಿ ಏನ್ ಅಂದ್ಕೋತಾಳೆ, ಒಂದೇ ಮನೇಲಿ?"

ಅವರು ಮುಗಿಸಿರಲಿಲ್ಲ.

"ಅದೂ ಓಗ್ಲಿ. ಎಕ್ಕಡಾನ ಕೈಯಲ್ಲಿ ಇಡ್ಕೊಂಡು ಒಳೀಕೆ ಓಯ್ತಾರೆ, ಒಬ್ಬೊಬ್ರೂ. ಆ ಮೂಲೆ ರೂಮಲ್ಲಿ ಮಡಗ್ತೀರಂತೆ. ಅದರ ಕೆಳಗೇ ನಮ್ ದೇವ್ರ ಮನೆ ಕಣವ್ವ. ಎಕ್ಕಡ ಬಿಡೋಕೆ ಮೆಟ್ಲಿಲ್ವಾ? ನಾನ್ ಮಡಗ್ಬ್ಯಾಡಿ ಅಂದಿದ್ದು ಸಾಮಾನು, ಎಕ್ಕಡ ಅಲ್ಲ."

ನಾವು ಅಡಗಿಕೊಳ್ಳಲು ಮಾಡಿದ್ದ ಒಂದೊಂದು ಕೆಲಸವೂ ಕೆಳಗಿನ ಮನೆಗೆ ಒಂದೊಂದು ಅವಮಾನವಾಗಿ ಇಳಿದಿತ್ತು. ಅವರಿಗೆ ನೋವಾಗದಿರಲೆಂದು ಬಾಗಿಲು ಹಾಕಿದೆವು. ಬಾಗಿಲು ಹಾಕಿದ್ದೇ ನೋವು. ನಗು ಬಂತು, ಅದರ ಹಿಂದೆಯೇ ಅಳು ಬಂತು, ಎರಡನ್ನೂ ತಡೆದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಮಗೆ ಭಯ, ಅದಕ್ಕೇ ಬಾಗಿಲು ಹಾಕುತ್ತೇವೆ ಎಂದೆ. ಗೇಟಿನ ಹತ್ತಿರ ನಿಂತವರ ಕಥೆ ಹೇಳಿದೆ.

ಅಜ್ಜಿ ದೀಪದ ಕಡೆ ನೋಡುತ್ತಾ ಕುಳಿತರು.

"ಬಯಾನಾ," ಎಂದರು ಕೊನೆಗೆ. "ನನ್ ಮನೇಲಾ?" ಅದು ಪ್ರಶ್ನೆಗಿಂತ ಹೆಚ್ಚಾಗಿ ನೊಂದ ದನಿ. ಆಮೇಲೆ, "ಬಾಗ್ಲು ತಗ್ದು ಏನಾರಾ ಮಾಡ್ಕಳ್ರಿ. ಎಕ್ಕಡ ಮೆಟ್ಲು ಮ್ಯಾಲೆ. ನಾಗ್‌ರಾಜಂಗೆ ನಾನ್ ಯೋಳ್ತೀನಿ," ಎಂದು ಎದ್ದು ಒಳಗೆ ಹೋದರು.

ನಾನು ಮೆಟ್ಟಿಲನ್ನು ಓಡಿ ಹತ್ತಿದೆ. ಆದರೆ ಗ್ರೇಸ್ ಆಂಟಿಗೆ ಇದು ಅಷ್ಟು ಸಂತೋಷದ ಸುದ್ದಿಯಾಗಲಿಲ್ಲ.

"ನಿನ್ನ ಅಜ್ಜಿ ಒಳ್ಳೆಯವರು ಸುನೀತಾ. ರಸ್ತೆ ಅಜ್ಜಿದಲ್ಲ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಗೇಟಿನ ಸಂಜೆ ಅವರ ಮೈಮೇಲೆ ಆದದ್ದು, ನಮಗೆ ಬರೀ ಕಥೆ. ಅವರು ಬರುವುದಿಲ್ಲವೇನೋ ಎಂದುಕೊಂಡೆ. ಶುಕ್ರವಾರ ಎಲ್ಲರಿಗಿಂತ ಮೊದಲು ಬಂದರು. ಮೆಟ್ಟಿಲ ಕೊನೆಯಲ್ಲಿ ನಿಂತು, ಚಪ್ಪಲಿ ಬಿಚ್ಚಿ, ಅಭ್ಯಾಸದಂತೆ ಕೈಗೆತ್ತಿಕೊಂಡು, ಒಂದು ಗಳಿಗೆ ಹಾಗೇ ಹಿಡಿದಿದ್ದರು. ಆಮೇಲೆ ಬಗ್ಗಿ, ಬಿಸಿ ಪಾತ್ರೆ ಇಳಿಸುವ ಹಾಗೆ, ಮೆಟ್ಟಿಲ ಮೇಲಿಟ್ಟರು. "ನಾನು ಅಡುಗೆಮನೇಲಿ ಕೂತ್ಕೋತೀನಿ. ಅಲ್ಲಿಂದ ಬಾಗ್ಲು ಕಾಣಲ್ಲ," ಎಂದು ಒಳಗೆ ನಡೆದರು.

ಬಾಗಿಲು ತೆರೆದೇ ಇತ್ತು. ಒಬ್ಬೊಬ್ಬರಾಗಿ ಅಲ್ಲ, ಎಲ್ಲರೂ ಮಾತಾಡುತ್ತಾ ಒಟ್ಟಿಗೇ ಬಂದರು. ಮೆಟ್ಟಿಲುದ್ದಕ್ಕೂ ಚಪ್ಪಲಿ. ಗ್ಯಾರೇಜಿನ ಎಣ್ಣೆ ಹತ್ತಿದ್ದು, ಹಿಮ್ಮಡಿ ಸವೆದದ್ದು, ಹೊಸದು. ನಾವು ಇಷ್ಟು ಜನ ಎಂದು ಮೊದಲ ಬಾರಿಗೆ ಹೊರಗಿನಿಂದ ಕಾಣುತ್ತಿತ್ತು. ಶಾಂತಕುಮಾರ ಅಟ್ಟದಿಂದ ಢೋಲಕ್ ಇಳಿಸಿ ಧೂಳು ಒರೆಸಿದರು. ಬೆಂಗಳೂರಿಗೆ ಬಂದ ಮೇಲೆ ಅದು ಮೂಟೆಯಿಂದ ಹೊರಗೆ ಬಂದದ್ದು ಅಂದೇ.

ಮೊದಲ ಹಾಡಿನ ಮೊದಲ ಸಾಲನ್ನು ಯಾರೂ ಎತ್ತಲಿಲ್ಲ. ಜೋರಾಗಿ ಹಾಡುವುದು ಮರೆತುಹೋಗಿತ್ತು. ಶಾಂತಕುಮಾರ ಎತ್ತಿದರು, ನಾವು ಹಿಂದೆ ಹೋದೆವು, ಮೊದಲು ಮಾತಿನಷ್ಟು, ಆಮೇಲೆ ಕೂಗಿನಷ್ಟು. ಎರಡನೇ ಚರಣಕ್ಕೆ ಬರುವಾಗ ಕೆಳಗೆ ಬೀದಿಯಲ್ಲಿ ಒಂದು ಸ್ಕೂಟರು ಬಂದು ನಿಂತ ಸದ್ದಾಯಿತು. ಢೋಲಕ್ ಒಂದು ಏಟು ತಪ್ಪಿತು. ಆಗ ಅಜ್ಜಿಯ ದನಿ ಬಂತು, ನಮ್ಮೆಲ್ಲರ ಹಾಡಿಗಿಂತ ಜೋರಾಗಿ:

"ಏಯ್, ಗಾಡಿ ತಗ್ಯೋ ಅತ್ಲಾಗೆ. ರಂಗೋಲಿ ಮ್ಯಾಲೆ ನಿಲ್ಲಿಸ್ತೀಯಲ್ಲ, ಕಣ್ ಕಾಣಾಕಿಲ್ವಾ?"

"ಸಾರಿ ಅಜ್ಜಿ," ಎಂದ ಯಾರೋ. ಸ್ಕೂಟರು ಹೋಯಿತು.

ವಿಲ್ಸನ್ ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದ. ನಗುವಿನಲ್ಲೇ ಮೂರನೇ ಚರಣ ಎದ್ದಿತು. ಅದರ ಕೆಳಗೆ, ಅಡುಗೆಮನೆಯ ಕಡೆಯಿಂದ, ಒಂದು ದನಿ ಬಂದು ಸೇರಿತು. ಆಳವಾದ, ಒರಟಾದ, ಗಂಡಸಿನ ದನಿಯೋ ಎನಿಸುವಷ್ಟು ದಪ್ಪನೆಯ ದನಿ, ಒಂದಿಷ್ಟೂ ಶ್ರುತಿ ಬಿಡದೆ. ನಾವು ಒಬ್ಬರನ್ನೊಬ್ಬರು ನೋಡಿದೆವು. ಗ್ರೇಸ್ ಆಂಟಿಯ ಜೊತೆ ನಾನು ಎರಡು ವರ್ಷ ಹಾಡಿದ್ದೆ. ಅವರ ದನಿ ಕೇಳಿದ್ದು ಅಂದು.

ಯಾರೂ ತಿರುಗಿ ನೋಡಲಿಲ್ಲ. ನೋಡಿದರೆ ಅದು ನಿಂತುಹೋದೀತು ಎಂದು ಎಲ್ಲರಿಗೂ ಅನಿಸಿತ್ತು. ಹಾಡನ್ನು ಮೊದಲಿನಿಂದ ಇನ್ನೊಮ್ಮೆ ಹಾಡಿದೆವು, ಆಮೇಲೆ ಮತ್ತೊಮ್ಮೆ.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಗರಾಜಣ್ಣ ಮನೆ ಬಿಡುವ ಮಾತನ್ನು ಹಿಂದಕ್ಕೆ ತೆಗೆದುಕೊಂಡಿಲ್ಲ, ಮತ್ತೆ ಎತ್ತಿಯೂ ಇಲ್ಲ. ಗ್ರೇಸ್ ಆಂಟಿ ಇನ್ನೂ ಅಡುಗೆಮನೆಯಲ್ಲೇ ಕೂರುತ್ತಾರೆ. ಬೀದಿಯಲ್ಲಿ ಗಾಡಿ ನಿಂತರೆ ನಮ್ಮ ಹಾಡು ಈಗಲೂ ಅರ್ಧ ಗಳಿಗೆ ತಗ್ಗುತ್ತದೆ. ಆದರೆ ಕೂಟ ನಮ್ಮ ಮನೆಯಲ್ಲಿ ನಡೆಯುತ್ತಿದೆ. ಬಸ್ಸಾರು ಮತ್ತೆ ಏರುತ್ತಿದೆ. ನಾನು ಬರುವುದು ತಡವಾದ ಶುಕ್ರವಾರ ಕೆಳಗಿನಿಂದ ಕೂಗು ಬರುತ್ತದೆ: "ಸುನೀತಾ, ವೊತ್ತು ಮುಳುಗ್ತು. ಬಾಗ್ಲು ತಗಿಯವ್ವ."

ಈ ಸಲ ಕ್ರಿಸ್ಮಸ್ಸಿಗೆ ಊರಿಗೆ ಬಂದಾಗ ನಿಮ್ಮೆಲ್ಲರ ನಡುವೆ ಕುಳಿತಿದ್ದೆ. ಅದೇ ಚರ್ಚು, ಅದೇ ಚಾಪೆ, ಬಸ್ ಸ್ಟ್ಯಾಂಡಿಗೆ ಕೇಳುವ ಅದೇ ಢೋಲಕ್. ಎಷ್ಟು ಸಂತೋಷದಿಂದ ಹಾಡುತ್ತಿದ್ದೆನೆಂದು ನನಗೇ ಗೊತ್ತು. ಪಕ್ಕದಲ್ಲಿದ್ದ ಅತ್ತೆ ನನ್ನ ಕಡೆ ಬಗ್ಗಿ ಕೇಳಿದರು:

"ಯಾಕ್ ಸುನೀತಾ, ಗಂಟಲಾ ಬಂದ್ ಆಗ್ಯಾದೇನು?"

ಆಗ ನನ್ನ ಕೈ ನೋಡಿಕೊಂಡೆ. ಅಂಗೈ ಮೇಲೆ ಎರಡೇ ಬೆರಳು ಬೀಳುತ್ತಿದ್ದವು. ಅತ್ತೆ ಹಾಡು ಬಿಡದೆಯೇ ನನ್ನ ಬಲಗೈ ಹಿಡಿದು, ಮಡಿಚಿದ್ದ ಉಳಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಚಪ್ಪಾಳೆ ಜೋರಾಗಿ ಬಿತ್ತು. ಕಿವಿ ಮಾತ್ರ ಹೊರಗೆ ರಸ್ತೆಯಲ್ಲಿತ್ತು, ಗಾಡಿ ಯಾವುದಾದರೂ ನಿಲ್ಲುತ್ತದೆಯೋ, ನಿಂತರೆ ಬೈದು ಕಳಿಸಲು ಇಲ್ಲಿ ಯಾರಿದ್ದಾರೆ ಎಂದು.